ಕಿರುಬೆರಳ ನೀರು

ನಂದೀಶ ಮತ್ತೆ ಚಾವಿ ತಿರುಗಿಸಿದ. ಬೋಟಿನ ಇಂಜಿನ್ನು ಗೂರಲು ಹಿಡಿದವರ ಹಾಗೆ ಕೆಮ್ಮಿ, ಹಿಂದಿನ ಪೈಪಿನಿಂದ ಒಂದು ಬಾಯಿ ಕಪ್ಪು ನೀರು ಉಗಿದು, ಸುಮ್ಮನಾಯಿತು. ಕೆರೆ ಏರಿಯ ಮೇಲೆ ತಮಟೆಯವರು ಕೈ ನಿಲ್ಲಿಸಿ ನೋಡುತ್ತಿದ್ದರು.

"ಆವಯ್ಯ ಬದುಕಿದ್ದಾಗ ಅರ್ಧ ಕೆರೆಗಾದ್ರೂ ಹೋಗ್ತಿತ್ತು. ಇವತ್ತು ದಡಾನೇ ಬಿಡ್ತಿಲ್ವಲ್ಲ ಗುರು," ಎಂದ ಮುನಿಸ್ವಾಮಿ, ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾ.

"ಮೆತ್ಗೆ ಮಾತಾಡ್ಲಾ. ಬೋಟಿನ್ ಸುದ್ದಿ ಕೇಳಿ ಚಟ್ಟದಿಂದ ಎದ್ದು ಸ್ಪ್ಯಾನರ್ ಕೇಳ್ಬಿಟ್ಟಾನು," ಎಂದ ಪಕ್ಕದವನು.

ಚಟ್ಟದ ಪಕ್ಕ ಕೂತಿದ್ದ ಅಕ್ಕಯಮ್ಮನಿಗೆ ಇದೆಲ್ಲ ಕೇಳಿಸುತ್ತಿತ್ತು. ಗಂಡ ಸಂಜೀವಪ್ಪ ನಿನ್ನೆ ಸಂಜೆ ಇದೇ ಬೋಟಿನ ಪಕ್ಕ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಆಗಿನಿಂದ ಅವಳು ಒಂದು ಸಲವೂ ನೆಟ್ಟಗೆ ಅತ್ತಿರಲಿಲ್ಲ. ಇನ್ನೇನು ಅಳು ಬರಬೇಕು, ಅಷ್ಟರಲ್ಲಿ ಮಗ ನಂದೀಶನ ಕೈಯಲ್ಲಿ ಆ ಹಾಳು ಇಂಜಿನ್ನು ಕೆಮ್ಮುತ್ತಿತ್ತು. ಬಂದ ಅಳು ಸಿಟ್ಟಾಗಿ ಒಳಗೇ ಉಳಿಯುತ್ತಿತ್ತು.

ಬೋಟು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಅವರ ಹೊಲ ಇದ್ದದ್ದು ಕೆರೆಯ ಆಚೆ ದಡದಲ್ಲಿ. ತಾಯಿಯನ್ನು ಮಣ್ಣು ಮಾಡಿದ ಜಾಗದ ಪಕ್ಕದಲ್ಲೇ ತನ್ನನ್ನೂ ಇಡಬೇಕೆಂದು ಸಂಜೀವಪ್ಪ ಊರಿಗೆಲ್ಲ ಹೇಳಿಟ್ಟಿದ್ದ. ಪೈಪ್‌ಲೈನಿನ ನೀರು ಬಂದು ಕೆರೆ ತುಂಬಿದ ಮೇಲೆ ಗಾಡಿದಾರಿ ಮುಳುಗಿತ್ತು. ಸುತ್ತು ಹಾಕಿ ಹೋಗೋಣವೆಂದರೆ ಲೇಔಟಿನವರು ಆನೆಯೂ ಹಾರದಷ್ಟು ಎತ್ತರ ಕಾಂಪೌಂಡು ಎಬ್ಬಿಸಿದ್ದರು. ಮೀನಿನವರ ತೆಪ್ಪದಲ್ಲಿ ಒಬ್ಬೊಬ್ಬರೇ ದಾಟಿ ಗುಂಡಿಯೇನೋ ತೋಡಿಯಾಗಿತ್ತು. ಚಟ್ಟ ಹಿಡಿಸುವಂಥದ್ದು ಈ ಬೋಟೊಂದೇ.

*

ಸಂಜೀವಪ್ಪ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಪಂಪು ರಿಪೇರಿ ಮಾಡುತ್ತಿದ್ದವನು. ಕೆರೆ ತುಂಬಿ ಹೊಲ ದೂರವಾದಾಗ ಊರವರೆಲ್ಲ ತಲೆ ಮೇಲೆ ಕೈ ಹೊತ್ತರು. ಇವನು ಗುಜರಿಯಿಂದ ಒಂದು ವ್ಯಾನಿನ ಇಂಜಿನ್ನು ಹೊತ್ತು ತಂದ.

"ಬೇರೆ ಬೋಟಿಗೆ ಅಡೀಲಿ ಫ್ಯಾನ್ ಇರ್ತದೆ, ನಮ್ ಕೆರೆ ಜೊಂಡಿಗೆ ಸಿಕ್ಕಾಕ್ಕೊಂತದೆ ಕಣೇ," ಎಂದು ಹೆಂಡತಿಗೆ ವಿವರಿಸಿದ. "ಇದು ಜೆಟ್ಟು. ಕೆರೆ ನೀರನ್ನೇ ಹೀರಿ ಹಿಂದಕ್ಕೆ ಉಗೀತದೆ, ತಾನು ಮುಂದಕ್ಕೆ ಹೋಯ್ತದೆ."

ಹೋಯಿತು ಕೂಡ. ಮೊದಲ ದಿನ ಅದರ ಸದ್ದಿಗೆ ಕುಂದಾಣದವರೆಗಿನ ನಾಯಿಗಳೆಲ್ಲ ಬೊಗಳಿದವು, ಕರೆಯಲು ಕೂತರೆ ಊರಿನ ಎಮ್ಮೆಗಳು ಸೊರ ಬಿಡಲಿಲ್ಲ. ಆದರೆ ಕೆರೆಯ ನಡುವೆ ಇಂಜಿನ್ನಿನಿಂದ ಹೊಗೆ ಹೊರಹೋಗುವ ಪೈಪು ಕುಲುಮೆಯ ಕಬ್ಬಿಣದಂತೆ ಕೆಂಪಾಗಿ, ಪಕ್ಕದ ರಬ್ಬರು ಹೊತ್ತಿಕೊಂಡು, ಸಂಜೀವಪ್ಪ ಈಜಿ ದಡ ಸೇರಿದ.

ಆಮೇಲೆ ಜೆಟ್ಟಿನಿಂದಲೇ ಸಣ್ಣ ನಳಿಕೆ ಎಳೆದು ಆ ಬಿಸಿ ಪೈಪಿಗೆ ನೀರು ಬಿಟ್ಟ. ತೊಂದರೆ ಅಲ್ಲಿಗೆ ಮುಗಿಯಲಿಲ್ಲ, ಅಲ್ಲಿಂದ ಶುರುವಾಯಿತು. ಬೋಟು ನಿಧಾನವಿದ್ದಾಗ ನೀರು ಹೆಚ್ಚಾದರೆ ಹಿಂದಕ್ಕೆ ಸರಿದು ಇಂಜಿನ್ನಿನ ಹೊಟ್ಟೆ ಸೇರುತ್ತಿತ್ತು. ಜೋರು ಓಡುವಾಗ ಕಮ್ಮಿಯಾದರೆ ಪೈಪು ಕೆಂಪಾಗುತ್ತಿತ್ತು. ಕೆಂಪಾಯಿತೆಂದು ಒಮ್ಮೆಗೇ ಸುರಿದರೆ ಪೈಪು ಸೀಳಿಹೋಗುತ್ತಿತ್ತು. ನೀರು ತಾನಾಗಿ ಹೆಚ್ಚು ಕಮ್ಮಿಯಾಗಲೆಂದು ಸೈಕಲ್ಲಿನ ಬ್ರೇಕ್ ವೈರು ಕಟ್ಟಿ ನೋಡಿದ, ಸ್ಪ್ರಿಂಗು ಹಾಕಿ ನೋಡಿದ, ಟಾಯ್ಲೆಟ್ ಟ್ಯಾಂಕಿನ ತೇಲುಗುಂಡನ್ನೂ ಬಿಡಲಿಲ್ಲ. ಯಾವುದೂ ಮಾತು ಕೇಳಲಿಲ್ಲ.

ಕೊನೆಗೆ ಆ ನಳಿಕೆಗೆ ಕೈಯಿಂದ ತಿರುಗಿಸಿ ನೀರು ಬಿಡುವ ಒಂದು ವಾಲು ಹಾಕಿ ಅಕ್ಕಯಮ್ಮನನ್ನು ಕೂರಿಸಿದ.

"ನಿಮ್ಮಪ್ಪ ನೀರುಗಂಟಿ. ತೂಬೆತ್ತಿ ಇಡೀ ಊರಿನ ಗದ್ದೆಗೆ ನೀರು ಹಂಚಿದೋನು. ಒಂದು ಪೈಪಿಗೆ ಹಂಚಕ್ಕೆ ನಿಂಗಾಗಲ್ವಾ?"

ಮುಂದೆ ಕೂತು ಬೋಟು ಓಡಿಸುತ್ತಾ ಅವನು ಕೂಗುತ್ತಿದ್ದ. ನಿಧಾನವಿದ್ದರೆ "ಕಿರುಬೆರಳು!" ಅಂದರೆ ಪೈಪಿನ ತುದಿಯಿಂದ ನೀರು ಕಿರುಬೆರಳಿನಷ್ಟೇ ದಪ್ಪ ಬೀಳಬೇಕು. ಜೋರಿದ್ದರೆ "ಹೆಬ್ಬೆರಳು!" ಹೊಲಕ್ಕೆ ಹೋಗುವಾಗಲೂ ಬರುವಾಗಲೂ ಇದೇ ಕೂಗು. ಗಂಡ ಹೆಂಡತಿ ಬೇರೆ ಮಾತಾಡಿದ್ದೇ ಕಮ್ಮಿ.

"ನಿನ್ ಬೋಟಿಗೆ ಬೆಂಕಿ ಬೀಳ! ಸೊಪ್ಪು ಕುಯ್ಯಕ್ಕೆ ಬಂದೋಳು ವಾಲು ತಿರುಗಿಸ್ಕೊಂಡು ಸಾಯ್ಬೇಕಾ?" ಎಂದು ಅವಳು ರೇಗಿದಾಗಲೆಲ್ಲ ಅವನದು ಒಂದೇ ಉತ್ತರ:

"ಸ್ವಲ್ಪ ತಡ್ಕೋ. ಯಾರ ಕೈಯೂ ಬೇಡ, ತಾನೇ ತೆಗೆದು ತಾನೇ ಮುಚ್ಚೋ ಹಂಗೆ ಮಾಡ್ತೀನಿ."

ಆರಾಮಾಗಿ ಕೂತು ಒಂದು ದಿನವಾದರೂ ಕೆರೆ ದಾಟುವ ಯೋಗ ಅವಳಿಗೆ ಬರಲಿಲ್ಲ.

*

ಇಂಜಿನ್ನು ಈಗ ಗೊಳಕ್ ಗೊಳಕ್ ಎಂದಿತು. ಅಕ್ಕಯಮ್ಮನಿಗೆ ತಡೆಯಲಾಗಲಿಲ್ಲ. ಹೆಂಗಸರ ನಡುವಿನಿಂದ ಧಡಕ್ಕನೆ ಎದ್ದಳು.

"ಲೇ ನಂದೀಶ! ನೀರು ಕುಡ್ಸಿ ಸಾಯಿಸ್ತಿದ್ದೀಯ ಕಣೋ ಅದನ್ನ!"

"ನಾನೇನಮ್ಮ ಮಾಡ್ಲಿ? ಅಪ್ಪ ಹೊಸ ಸ್ಪ್ರಿಂಗ್ ಹಾಕೈತೆ. ಇನ್ಮೇಲೆ ತಾನೇ ಮುಚ್ಕೊಂತದೆ ಅಂದಿತ್ತು."

"ತಾನೇ ಮುಚ್ಕೊಂತಿದ್ದದ್ದು ನಿಮ್ಮಪ್ಪನ ಬಾಯಲ್ಲಿ ಮಾತ್ರ! ಕಿತ್ತಾಕು ಅದನ್ನ. ಪ್ಲಗ್ ಬಿಚ್ಚಿ ಒಳಗಿನ ನೀರು ಹೊರಗೆ ಹಾಕು."

ಸೆರಗು ಸೊಂಟಕ್ಕೆ ಸಿಕ್ಕಿಸಿ ಏರಿಯಿಂದ ಬೋಟಿನತ್ತ ಇಳಿಯತೊಡಗಿದಳು. ಚಿಕ್ಕಬೀರಪ್ಪ ಕೋಲು ಅಡ್ಡ ಹಿಡಿದ. ಸಂಜೀವಪ್ಪನ ಚಿಕ್ಕಪ್ಪ ಅವನು, ಕುಲಕ್ಕೆ ಹಿರಿಯ.

"ಎಲ್ಲಿಗಮ್ಮಾ? ಹೆಣದ ಹಿಂದೆ ಹೆಂಗಸ್ರು ಏರಿ ಇಳಿಯಂಗಿಲ್ಲ. ನಿಮ್ಮತ್ತೆ ಇಳಿದ್ಲಾ? ನಮ್ಮವ್ವ ಇಳಿದ್ಲಾ?"

"ಅವರ ಗಂಡಂದಿರು ಬೋಟು ಕಟ್ಟಿದ್ರಾ ಮಾವ?"

ಯಾರೋ ಕಿಸಕ್ಕನೆ ನಕ್ಕರು. ಚಿಕ್ಕಬೀರಪ್ಪ ತಿರುಗಿ ನೋಡಿದ. ನಗು ನಿಂತಿತು.

"ಹಂಗಾದ್ರೆ ನೀನೇ ವಾಲು ಹಿಡಿ," ಎಂದಳು ಅಕ್ಕಯಮ್ಮ. "ಪೈಪು ಕೆಂಪಗಾದ್ರೆ ಎಷ್ಟು ಬಿಡ್ತೀಯ? ಹೇಳು." ಮುದುಕ ಆಕಾಶ ನೋಡಿದ. ಅವಳು ಚಟ್ಟದ ಕಡೆ ಕೈ ತೋರಿಸಿದಳು. "ಬದುಕಿರೋಗಂಟ ಆವಯ್ಯ ಕೆರೆ ಮಧ್ಯ ನಿಂತಾಗೆಲ್ಲ ಇಡೀ ಊರು ಹಲ್ಲು ಕಿರೀತು. ಇವತ್ತೂ ನಿಲ್ಬೇಕಾ? ಹೆಣ ಇಟ್ಕೊಂಡು? ಇದೊಂದ್ಸಲ ನಿಲ್ದಂಗೆ ದಾಟಿಸ್ತೀನಿ, ಬಿಡು ಮಾವ."

"ಬಿಡಣ್ಣೋ," ಎಂದಳು ಪಕ್ಕದ ಮನೆಯ ವರಲಕ್ಷ್ಮಮ್ಮ. "ಹೊತ್ತಾಯ್ತು. ಹೂವೆಲ್ಲ ಬಾಡೋಯ್ತು."

ಕೋಲು ಕೆಳಗಿಳಿಯಿತು.

ಚಟ್ಟವನ್ನು ಬೋಟಿನ ನಡುವೆ ಇಟ್ಟರು. ಮುಂದೆ ನಂದೀಶ, ಹಿಂದೆ ವಾಲು ಹಿಡಿದ ಅಕ್ಕಯಮ್ಮ, ಅಂಚಿನಲ್ಲಿ ಕಣ್ಣು ಮುಚ್ಚಿಕೊಂಡು ಚಿಕ್ಕಬೀರಪ್ಪ. ಇಂಜಿನ್ನು ಹತ್ತಿತು. ಸ್ಪ್ರಿಂಗು ಕಿತ್ತ ಜಾಗದಲ್ಲಿ ಹೊಸ ಎಣ್ಣೆಯ ಕಲೆ ಇನ್ನೂ ಮಿರುಗುತ್ತಿತ್ತು.

ಜೊಂಡು ದಾಟಿದ ಮೇಲೆ ನಂದೀಶ ವೇಗ ಕೊಟ್ಟ. ಸದ್ದು ಏರಿತು. ಪೈಪು ಬಿಸಿಯ ವಾಸನೆ ಬಿಟ್ಟಿತು. ಅಕ್ಕಯಮ್ಮ ವಾಲಿನ ಮೇಲೆ ಕೈಯಿಟ್ಟು ಕಾದಳು. ಕೂಗು ಬರಲಿಲ್ಲ. ಏನಕ್ಕೆ ಕಾಯುತ್ತಿದ್ದೇನೆಂದು ಆಗ ಅವಳಿಗೆ ಹೊಳೆಯಿತು.

ಮುಂದೆಯೇ ಅವನು ಮಲಗಿದ್ದ. ಕೈಯ ಹೆಬ್ಬೆರಳೆರಡನ್ನೂ ಜೋಡಿಸಿ ಬಿಳಿ ಬಟ್ಟೆಯ ಚೂರಿನಿಂದ ಕಟ್ಟಿದ್ದರು. ಉಗುರಿನ ಸಂದಿಯ ಗ್ರೀಸು ಸ್ನಾನ ಮಾಡಿಸಿದರೂ ಹೋಗಿರಲಿಲ್ಲ.

"ಬಾಯ್ಬಿಟ್ಟು ಹೇಳಕ್ಕೆ ಏನು ರೋಗ?" ಎಂದು ಬೈದು, ಮೊದಲು ನೂಲಿನಷ್ಟು, ಆಮೇಲೆ ಕಡ್ಡಿಯಷ್ಟು, ಆಮೇಲೆ ಹೆಬ್ಬೆರಳಿನಷ್ಟು ನೀರು ಬಿಟ್ಟಳು. ಪೈಪು ಬುಸ್ಸೆಂದಿತು. ಹಬೆಯೆದ್ದು ಅವಳ ಮುಖ ತೊಯ್ದಿತು. ಮುಖ ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಬೋಟು ಕೆರೆಯ ನಡುವನ್ನು ನಿಲ್ಲದೆ ದಾಟಿತು. ಹಿಂದೆ ಏರಿಯ ಮೇಲೆ ಯಾರೂ ಹೇಳದಿದ್ದರೂ ತಮಟೆಗಳು ಒಮ್ಮೆಗೇ ಬಡಿದವು.

ಆಚೆ ದಡದಲ್ಲಿ ಬೋಟನ್ನು ಹೊಂಗೆಮರಕ್ಕೆ ಬಿಗಿದರು. ತೆಪ್ಪದಲ್ಲಿ ಮೊದಲೇ ದಾಟಿದ್ದ ಗಂಡಸರು ಚಟ್ಟ ಎತ್ತಿಕೊಂಡು ಹೋದರು.

"ನೀನೂ ಬಾಮ್ಮ," ಎಂದ ನಂದೀಶ.

"ಬಿಸಿ ಇದ್ದಾಗ ಇಂಜಿನ್ನು ನಿಂತ್ರೆ ಮತ್ತೆ ಹತ್ತಲ್ಲ. ನೀರಲ್ಲಿ ಕಸ ಬರ್ತೈತೆ, ವಾಲು ಬಿಡೋ ಹಂಗಿಲ್ಲ. ನೀನು ಹೋಗು, ಮಗ ನೀನು. ಹೆಬ್ಬೆರಳ ಕಟ್ಟು ಬಿಚ್ಚಕ್ಕೆ ಮರೀಬೇಡ."

ಬೋಟಿನಿಂದ ಅವಳಿಗೆ ಬಗ್ಗಿದ ಬೆನ್ನುಗಳಷ್ಟೇ ಕಂಡವು. ಮಣ್ಣು ಬೀಳುವ ಸದ್ದನ್ನೂ ಇಂಜಿನ್ನು ನುಂಗಿತು. ಇಲ್ಲಿಯವರೆಗೂ ಬಂದು ಒಂದು ಹಿಡಿ ಮಣ್ಣು ಹಾಕುವುದಕ್ಕೂ ಇಲ್ಲದಂತಾಯಿತಲ್ಲ ಎಂದು ಹಲ್ಲು ಕಚ್ಚಿದಳು. ಕೈ ಮಾತ್ರ ವಾಲನ್ನು ಒಮ್ಮೆ ಅತ್ತ ಒಮ್ಮೆ ಇತ್ತ ಕೂದಲೆಳೆಯಷ್ಟು ತಿರುಗಿಸುತ್ತಲೇ ಇತ್ತು.

ಬೆನ್ನುಗಳ ನಡುವಿನಿಂದ ಒಂದು ಈಚೆ ಬಂತು. ಚಿಕ್ಕಬೀರಪ್ಪ. ಪಂಚೆ ಎತ್ತಿ ಕಟ್ಟಿ ನೀರಿಗಿಳಿದು, ಬೋಟಿನ ಅಂಚು ಹಿಡಿದು ಹತ್ತಿದ. ಕೋಲನ್ನು ಪಕ್ಕಕ್ಕಿಟ್ಟ.

"ಸರಿ ಅತ್ಲಾಗೆ," ಎಂದ. "ಎಷ್ಟಿರ್ಬೇಕು, ತೋರ್ಸು."

ಅಕ್ಕಯಮ್ಮ ಅವನನ್ನೇ ನೋಡಿದಳು. ಆಮೇಲೆ ತನ್ನ ಕಿರುಬೆರಳು ಎತ್ತಿ ತೋರಿಸಿ, ನೀರಿಗಿಳಿದು, ಹೊಲದತ್ತ ಹೆಜ್ಜೆ ಹಾಕಿದಳು. ಅರ್ಧ ದಾರಿಯಲ್ಲಿ ಇಂಜಿನ್ನಿನ ದನಿ ಕಟ್ಟಿದಂತಾಯಿತು. ಹಿಂದಿರುಗಿ ನೋಡದೆಯೇ, ಆಚೆ ಏರಿಗೂ ಕೇಳುವಂತೆ ಕೂಗಿದಳು:

"ಕಿರುಬೆರಳು, ಮಾವಾ!"

ಬೋಟಿನ ಹಿಂಬದಿಯಲ್ಲಿ ಕುಕ್ಕುರುಗಾಲಲ್ಲಿ ಕೂತ ಚಿಕ್ಕಬೀರಪ್ಪ ಉಸಿರು ಬಿಗಿಹಿಡಿದು ವಾಲನ್ನು ಒಂದಿಷ್ಟು ಮುಚ್ಚಿದ. ಪೈಪಿನಿಂದ ಬೀಳುವ ನೀರಿನ ಪಕ್ಕಕ್ಕೆ ತನ್ನ ಒಣಕಲು ಕಿರುಬೆರಳು ಹಿಡಿದು, ಒಮ್ಮೆ ಬೆರಳು ನೋಡಿದ, ಒಮ್ಮೆ ನೀರು ನೋಡಿದ.