ಹತ್ತೂ ಹತ್ತರ ಓದುಗರು

ಶಿಕ್ಷಕರಿಗೆ ಕಂಪ್ಯೂಟರ್ ಕಲಿಸಲು ನಮ್ಮ ಶಾಲೆಗೆ ಬಂದವಳಿಗೆ ನಾವು ಇಟ್ಟ ಹೆಸರು ಪಟಪಟಿ. ಮಾತು ಅಷ್ಟು ಜೋರು. ಸ್ಮಾರ್ಟ್ ಬೋರ್ಡ್ ಮೇಲೆ ಬರೆಯುವುದು, ಬ್ಲಾಗಿಗೆ ಪಾಠ ಏರಿಸುವುದು, ಎಲ್ಲವನ್ನೂ ನಗುನಗುತ್ತಾ ಹೇಳಿಕೊಡುತ್ತಿದ್ದಳು. ಒಂದೇ ಪ್ರಶ್ನೆಯನ್ನು ಏಳು ಸಲ ಕೇಳಿದರೂ ಮುಖ ಗಂಟಿಕ್ಕಲಿಲ್ಲ. ನನಗೆ ಅನುಮಾನ ಬಂದದ್ದೇ ಅಲ್ಲಿ. ಅತಿ ವಿನಯ ಧೂರ್ತ ಲಕ್ಷಣ.

ಸುಮ್ಮಸುಮ್ಮನೆ ಅನುಮಾನಪಡುವ ಜಾಯಮಾನ ನನ್ನದಲ್ಲ. ಹೀಗೆಂದರೆ ನಮ್ಮ ಮನೆಯವರು ಕೆಮ್ಮುತ್ತಾರೆ, ಅದು ಬೇರೆ ಮಾತು. ಹೋದ ವರ್ಷ ಶಾಲೆಯವರು ಡ್ರಾಯಿಂಗ್ ಮೇಷ್ಟ್ರ ಪಾಠಗಳನ್ನೆಲ್ಲ ವಿಡಿಯೋ ಮಾಡಿಸಿಕೊಂಡರು. ಮುಗಿದ ಮೇಲೆ, ನೀವಿನ್ನು ವಾರಕ್ಕೆ ಎರಡು ದಿನ ಬಂದರೆ ಸಾಕು ಎಂದರು. ಇಪ್ಪತ್ತಾರು ವರ್ಷ ಗಣಿತ ಹೇಳಿದ ನನ್ನ ನೋಟ್ಸ್ ಬ್ಲಾಗಿಗೆ ಹೋದ ಮೇಲೆ ನಾನು ಯಾರಿಗೆ ಬೇಕು?

ಹಾಗಾಗಿ ಒಂದು ಉಪಾಯ ಮಾಡಿದೆ. ಬ್ಲಾಗಿನ ಪ್ರತಿ ಪಾಠದಲ್ಲೂ ಬೇಕಂತಲೇ ಒಂದು ತಪ್ಪು ಸೇರಿಸಿದೆ. ಮೈನಸ್ ಇದ್ದಲ್ಲಿ ಪ್ಲಸ್, ಭಾಗಿಸಬೇಕಾದಲ್ಲಿ ಗುಣಾಕಾರ. ತರಗತಿಯಲ್ಲಿ ಮಾತ್ರ ಸರಿಯಾಗಿಯೇ ಹೇಳುತ್ತಿದ್ದೆ. ನನ್ನ ನೋಟ್ಸ್ ಕದ್ದು ಪಾಠ ಮಾಡುವವರು ಮಕ್ಕಳ ಮುಂದೆ ಪೆಚ್ಚಾಗಲಿ ಎಂದು.

"ಕಾಮೆಂಟ್ ಯಾಕೆ ಮುಚ್ಚಿಟ್ಟಿದೀರ ಮೇಡಂ? ಮಕ್ಕಳು ಏನಾದ್ರೂ ಕೇಳಬಹುದಲ್ವಾ?" ಎಂದಳು ಪಟಪಟಿ.

"ಕೇಳೋದಿದ್ರೆ ಕ್ಲಾಸಲ್ಲಿ ಕೇಳ್ತಾರೆ. ಬಾಯಿಲ್ವಾ ಅವಕ್ಕೆ?"

ಬ್ಲಾಗನ್ನು ಯಾವಾಗ, ಎಷ್ಟು ಜನ ನೋಡಿದರು ಎಂದು ತಿಳಿಯುವುದನ್ನೂ ಅವಳೇ ಕಲಿಸಿದಳು. ನೋಡಿದರೆ, ಶಾಲೆ ಇದ್ದ ದಿನವೆಲ್ಲ ಬೆಳಿಗ್ಗೆ ಹತ್ತೂ ಹತ್ತಕ್ಕೆ ಸರಿಯಾಗಿ ಒಬ್ಬರು ಹಾಜರ್. ಅದು ಎಂಟನೇ ತರಗತಿಗೆ ನನ್ನ ಪೀರಿಯಡ್. ನಾನು ಅಲ್ಲಿ ಸಿಕ್ಕಿಕೊಂಡಿರುವಾಗ ಸ್ಟಾಫ್ ರೂಮಿನ ಕಂಪ್ಯೂಟರ್ ಮುಂದೆ ಇರುವವಳು ಇವಳೊಬ್ಬಳೇ.

ಒಂದು ದಿನ ಚಾಕ್‌ಪೀಸ್ ನೆಪ ಮಾಡಿಕೊಂಡು ಹೋಗಿ ಇಣುಕಿದೆ. ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದಳು. ನನ್ನನ್ನು ಕಂಡದ್ದೇ ತಟ್ಟನೆ ಮುಚ್ಚಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ! ಸಿಕ್ಕಿಬಿದ್ದಳು ಎಂದು ಆ ದಿನವೆಲ್ಲ ಒಳಗೊಳಗೇ ಖುಷಿಪಟ್ಟೆ.

ಮುಂದಿನ ವಾರ ಎಂಟನೇ ತರಗತಿಗೆ ಕಿರುಪರೀಕ್ಷೆ. ಕಾಲು ಮುರಿದುಕೊಂಡು ಆರು ವಾರ ಮನೆಯಲ್ಲಿದ್ದ ಎರಡನೇ ಬೆಂಚಿನ ಹುಡುಗಿಯೂ ಕುಂಟುತ್ತಾ ಬಂದು ಬರೆದಳು. ಜಾಣೆ. ಅವಳಿಗೆ ಬಂದದ್ದು ಇಪ್ಪತ್ತೈದಕ್ಕೆ ನಾಲ್ಕು. ಉತ್ತರ ಪತ್ರಿಕೆಯನ್ನು ಇನ್ನೊಮ್ಮೆ ನೋಡಿದೆ. ಅಲ್ಲಿದ್ದ ತಪ್ಪುಗಳೆಲ್ಲ ನನ್ನವು. ಒಂದೂ ಬಿಟ್ಟುಹೋಗಿರಲಿಲ್ಲ.

"ಮನೇಲಿ ಹೇಗೆ ಓದ್ಕೊಂಡೆ?" ಎಂದು ಕೇಳಿದೆ.

"ನಿಮ್ಮ ಬ್ಲಾಗ್ ನೋಡಿ ಮೇಡಂ. ನಮ್ಮ ಪೀರಿಯಡ್ ಟೈಮಿಗೇ ಕೂತ್ಕೊಳ್ತಿದ್ದೆ, ಕ್ಲಾಸಲ್ಲಿದ್ದ ಹಾಗೇ ಅನಿಸ್ತಿತ್ತು."

"ಪುಸ್ತಕದ ಕೊನೇಲಿ ಉತ್ತರ ಇರುತ್ತಲ್ಲ ಪುಟ್ಟಿ, ತಾಳೆ ನೋಡ್ಲಿಲ್ವಾ?"

ಅವಳು ಪುಸ್ತಕ ತೆಗೆದು ತೋರಿಸಿದಳು. ಅಚ್ಚಾದ ಉತ್ತರಗಳ ಮೇಲೆ ಸ್ಕೇಲ್ ಇಟ್ಟು ನೀಟಾಗಿ ಗೆರೆ ಎಳೆದಿದ್ದಳು. ಪಕ್ಕದಲ್ಲಿ ನನ್ನ ಉತ್ತರಗಳು.

"ಪುಸ್ತಕದ್ದೇ ತಪ್ಪಿರಬೇಕು ಅಂದ್ಕೊಂಡೆ. ನಿಮ್ಮನ್ನ ಕೇಳೋಣ ಅಂದ್ರೆ ಅಲ್ಲಿ ಬರೆಯೋಕೆ ಜಾಗ ಇರ್ಲಿಲ್ಲ ಮೇಡಂ."

ಅವತ್ತು ಶಾಲೆ ಬಿಟ್ಟ ಮೇಲೆ ಪಟಪಟಿಯ ಪಕ್ಕ ಕೂತು, "ಕಾಮೆಂಟ್ ತೆರೆಯೋದು ಹೇಗೆ, ಹೇಳಿಕೊಡಮ್ಮಾ" ಎಂದೆ. ಅವಳು ಅಂದು ತಟ್ಟನೆ ಮುಚ್ಚಿದ್ದ ಪುಸ್ತಕ ತೆಗೆದಳು. ಯಾವ ಶಿಕ್ಷಕರಿಗೆ ಯಾವುದು ಕಷ್ಟ ಎಂದು ಬರೆದಿಟ್ಟಿದ್ದಳು. ನನ್ನ ಹೆಸರಿನ ಕೆಳಗೆ ಒಂದೇ ಸಾಲು: 'ಕಾಮೆಂಟ್ ಅಂದರೆ ಹೆದರಿಕೆ. ಅವಸರ ಮಾಡಬಾರದು.'

ಕಾಮೆಂಟ್ ತೆರೆದಾಯಿತು. ಆಮೇಲೆ ಒಂದೊಂದೇ ಅಕ್ಷರ ಹುಡುಕಿ, ಎಲ್ಲ ಪಾಠಗಳಿಗಿಂತ ಮೇಲೆ ಬರುವಂತೆ ನಾನೇ ಟೈಪ್ ಮಾಡಿದೆ: 'ಇಲ್ಲಿಯ ಪಾಠಗಳಲ್ಲಿ ತಪ್ಪುಗಳಿವೆ. ಅವನ್ನು ನಾನು ಬೇಕೆಂದೇ ಹಾಕಿದ್ದೆ. ಪುಸ್ತಕದ ಉತ್ತರವೇ ಸರಿ.'

ಪಟಪಟಿ ಓದಿದಳು. ಇನ್ನೊಮ್ಮೆ ಓದಿದಳು.

"ಇದನ್ನ ಹೆಡ್‌ಮಿಸ್ಸೂ ಓದ್ತಾರೆ ಮೇಡಂ. ನಿಮ್ಮ ಕೆಲಸ..."

"ಗೊತ್ತು. ಪ್ರಕಟಿಸೋದಕ್ಕೆ ಯಾವ ಬಟನ್? ಮರೆತುಹೋಯ್ತು."

ಎಂಟನೇ ಸಲ ತೋರಿಸಿದಳು. ಒತ್ತಿದೆ.