ಫೀನಾ ಓದಿ ಹೇಳಿದ ಸಾಲು

ಮೂರು ವರ್ಷ ಕಾದ ಮೇಲೆ ಬಂದದ್ದು ಒಂದು ಫೋಟೋ, ಒಂದು ಹಾಳೆ. ಸ್ಪೇನಿನ ಅವಿಲೆಸ್ ಪೇಟೆಯಲ್ಲಿ ಮೀನು ಮಾರುವ ಎತೆಲ್ವಿನಾ ಅವೆರಡನ್ನೂ ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದಳು. ಚೀನಾದ ಜಿಯಾಂಗ್‌ಷಿ ಸೀಮೆಯ ಅನಾಥಾಲಯವೊಂದರ ಹನ್ನೊಂದು ತಿಂಗಳ ಹೆಣ್ಣುಮಗು. ತಲೆಯಲ್ಲಿ ಕೂದಲಿಗಿಂತ ಬೋಳೇ ಹೆಚ್ಚು. ಹಳದಿ ಸ್ವೆಟರು. ಒಂದು ಕೈ ಮುಷ್ಟಿ ಕಟ್ಟಿತ್ತು.

"ಮುಷ್ಟಿಯೊಳಗೆ ಏನಿರಬಹುದು ಅಂತೀಯ?" ಎಂದಳು.

ಗಂಡ ಸೆಲ್ಸೊ ದೋಣಿಯ ಎಂಜಿನು ರಿಪೇರಿ ಮಾಡುವವನು. ಕೈಯ ಗ್ರೀಸು ತೊಳೆಯುತ್ತಲೇ ಇಣುಕಿದ. "ಮೀನಿನ ಕಣ್ಣು ನೋಡ್ದಂಗೆ ನೋಡಬೇಡ ಕಣೇ ತೆಲ್ವಿ. ಅದು ಮಗು."

"ಮೀನಾಗಿದ್ರೆ ಒಂದೇ ನೋಟಕ್ಕೆ ಹೇಳಿಬಿಡ್ತಿದ್ದೆ."

ಹಾಳೆಯಲ್ಲಿ ತೂಕವಿತ್ತು, ಎತ್ತರವಿತ್ತು, ಹಲ್ಲು ಎರಡು ಎಂದಿತ್ತು, ಆಹಾರ ಹಾಲು ಮತ್ತು ಅಕ್ಕಿ ಗಂಜಿ ಎಂದಿತ್ತು. ಇಷ್ಟನ್ನೂ ದತ್ತು ಸಂಸ್ಥೆಯವರು ಸ್ಪ್ಯಾನಿಷ್‌ಗೆ ಅನುವಾದ ಮಾಡಿಸಿ ಕಳಿಸಿದ್ದರು. ತಳದಲ್ಲಿ ಯಾರೋ ಪೆನ್ನಿನಲ್ಲಿ ಗೀಚಿದ್ದ ಒಂದು ಸಾಲು ಮಾತ್ರ ಚೀನೀ ಲಿಪಿಯಲ್ಲೇ ಉಳಿದಿತ್ತು. ಫೋನು ಮಾಡಿ ಕೇಳಿದರೆ, ಅದೇನೂ ಮುಖ್ಯವಾದದ್ದಲ್ಲ ಎಂದರು. ಮುಖ್ಯವಲ್ಲ ಎಂದ ಮೇಲಂತೂ ತೆಲ್ವಿಗೆ ಅದೇನೆಂದು ತಿಳಿಯದೆ ಊಟ ಸೇರುವಂತಿರಲಿಲ್ಲ. ಮಗುವನ್ನು ಕರೆತರಲು ಹೊರಡುವುದಕ್ಕೆ ಇನ್ನು ಮೂರೇ ವಾರ.

ಮೀನಿನ ಪೇಟೆಯ ಹಿಂದಿನ ಬೀದಿಯಲ್ಲಿ ಒಂದು ಚೀನೀ ಅಂಗಡಿಯಿತ್ತು. ಬಕೆಟ್ಟು, ಬಲ್ಬು, ಚಪ್ಪಲಿ, ಪ್ಲಾಸ್ಟಿಕ್ ಹೂವು, ಎಲ್ಲ ಸಿಗುವ ಅಂಗಡಿ. ಅದನ್ನು ನಡೆಸುತ್ತಿದ್ದ ಷಿಯಾವೊಫೆನ್ ಎಂಬ ಮೂವತ್ತರ ಹೆಂಗಸನ್ನು ಬೀದಿಯವರೆಲ್ಲ ಫೀನಾ ಎನ್ನುತ್ತಿದ್ದರು. ಆರು ವರ್ಷದಿಂದ ಅವಳ ಹತ್ತಿರ ಮೀನು ಹಾಕಿಕೊಡುವ ಕವರು ಕೊಳ್ಳುತ್ತಿದ್ದರೂ ತೆಲ್ವಿ ಅವಳೊಡನೆ ಎರಡು ಮಾತಿಗಿಂತ ಹೆಚ್ಚು ಆಡಿದವಳಲ್ಲ.

ಫೀನಾ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿ ನಕ್ಕಳು. "ನೋಡ್ಕೊಳ್ಳೋ ಹೆಂಗಸು ಬರ್ದಿದ್ದು ಅಕ್ಕಾ. 'ಎತ್ತಿಕೊಂಡವರು ಕೂತರೆ ಅಳ್ತಾಳೆ. ನಿಂತೇ ಇರಬೇಕು.' ಅಷ್ಟೇ."

"ಇದು ಮುಖ್ಯ ಅಲ್ವಂತೆ!" ಎಂದು ತೆಲ್ವಿ ಕುರ್ಚಿ ಎಳೆದುಕೊಂಡಳು. "ಇನ್ನೇನು ಗೊತ್ತಾಗುತ್ತೆ ಇದರಿಂದ? ಹೆಸರಿಗೆ ಅರ್ಥ ಇದೆಯಾ? ಅಳಬೇಡ ಅನ್ನೋದಕ್ಕೆ ಅವಳ ಊರಲ್ಲಿ ಏನಂತಾರೆ?"

"ಹೆಸರು ಮುಂಜಾವಿನ ಮೋಡ ಅಂತ. ಆ ಊರಿನ ಮಾತು ನನಗೂ ಬರಲ್ಲ. ನಮ್ಮ ಕಡೆ ಮೂರು ಬೆಟ್ಟ ದಾಟಿದ್ರೆ ಮಾತೇ ಬೇರೆ." ಫೀನಾ ಹಾಳೆಯನ್ನು ಮಡಚಿ ಕೊಟ್ಟಳು. "ಗಂಜಿ ಎಲ್ಲಾ ಕಡೆ ಒಂದೇ. ನಾಳೆ ಮಧ್ಯಾಹ್ನ ಬನ್ನಿ."

ಮರುದಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಪಾಠ ಶುರುವಾಯಿತು. ಹಿಡಿ ಅಕ್ಕಿಗೆ ಅಷ್ಟೊಂದು ನೀರೇ ಎಂದು ತೆಲ್ವಿ ಬಾಯಿ ಬಿಟ್ಟಳು. ಉಪ್ಪಿಗೆ ಕೈ ಹಾಕಿದಾಗ ಫೀನಾ ತಡೆದಳು. ಅಕ್ಕಿ ಅರಳುವವರೆಗೆ ಸೌಟು ತಿರುಗಿಸುವುದು ಬಿಟ್ಟರೆ ಇಬ್ಬರಿಗೂ ಬೇರೆ ಕೆಲಸವಿರಲಿಲ್ಲ.

"ಅವಳನ್ನ ನೋಡೇ ಇಲ್ಲ ನೀವು," ಎಂದಳು ಫೀನಾ. "ನಿಮ್ಮನ್ನ ಹಚ್ಕೊಳ್ಳದೇ ಹೋದ್ರೆ?"

"ಅದಕ್ಕೇ ಸಂಸ್ಥೆಯವರು ಕ್ಲಾಸು ಇಟ್ಟಿದ್ರು. ಎಂಟು ಶನಿವಾರ. ಮನಶ್ಶಾಸ್ತ್ರದ ಮೇಡಂ ಒಬ್ಬರು ಎಲ್ಲಾ ಹೇಳ್ಕೊಟ್ಟು ಹಾಳೆಗಳನ್ನೂ ಕೊಟ್ಟಿದಾರೆ. ಮೊದಲ ವಾರ ಏನು ಮಾಡಬೇಕು, ಎರಡನೇ ವಾರ ಏನು ಅಂತ."

ಫೀನಾ ಸೌಟು ತಿರುಗಿಸುವುದನ್ನು ನಿಲ್ಲಿಸಿದಳು. "ದೊಡ್ಡ ಮಗುವಿಗೂ ಇದೆಯಾ ಅದರಲ್ಲಿ? ನಾಲ್ಕು ವರ್ಷದ್ದಕ್ಕೆ?"

ಯಾಕೆ ಎಂದು ತೆಲ್ವಿ ಕೇಳಲೇಬೇಕಾಯಿತು. ಫೀನಾ ಗೋಡೆಗೆ ಅಂಟಿಸಿದ್ದ ಪುಟ್ಟ ಹುಡುಗಿಯ ಚಿತ್ರ ತೋರಿಸಿದಳು. ಮಗಳು ಹುಟ್ಟಿದ್ದು ಇಲ್ಲೇ, ಅವಿಲೆಸ್‌ನಲ್ಲೇ. ಬೆಳಗಿನಿಂದ ರಾತ್ರಿಯವರೆಗೂ ಗಂಡಹೆಂಡಿರಿಬ್ಬರೂ ಅಂಗಡಿಯಲ್ಲೇ ಇರಬೇಕಾದಾಗ ಕೂಸನ್ನು ನೋಡುವವರಿರಲಿಲ್ಲ. ಐದು ತಿಂಗಳಿಗೇ ಊರಿಗೆ, ಅಜ್ಜಿಯ ಹತ್ತಿರ ಕಳಿಸಿದ್ದಳು.

ತೆಲ್ವಿಯ ಎದೆಯಲ್ಲಿ ಮೊದಲು ಎದ್ದದ್ದು ಕೋಪ. ತಾನು ಒಂದು ಮಗುವಿಗಾಗಿ ಭೂಮಿಯ ಆ ತುದಿಗೆ ಹೊರಟಿದ್ದರೆ ಇವಳು ತನ್ನದನ್ನೇ ಅಲ್ಲಿಗೆ ಕಳಿಸಿ ಕೂತಿದ್ದಾಳೆ. ಮಾತು ತುಟಿಯವರೆಗೂ ಬಂತು. ಆದರೆ ಚಿತ್ರದ ಅಂಚು ದಿನವೂ ಮುಟ್ಟಿ ಮುಟ್ಟಿ ಸವೆದು ಬೆಳ್ಳಗಾಗಿದ್ದನ್ನು ಕಂಡು, "ಫೋನಲ್ಲಿ ಮಾತಾಡ್ತಾಳಾ?" ಎಂದಷ್ಟೇ ಕೇಳಿದಳು.

"ಅಜ್ಜಿ ಹೇಳ್ಕೊಟ್ರೆ ಅಮ್ಮ ಅಂತಾಳೆ. ಆಮೇಲೆ ಆಡೋದಕ್ಕೆ ಓಡಿಹೋಗ್ತಾಳೆ. ಕರ್ಕೊಂಡು ಬರಬೇಕು ಅಂತ ಎರಡು ಸಲ ಹೊರಟೆ ಅಕ್ಕಾ. ಹೆದರಿಕೆ ಆಯ್ತು. ನಾನು ಯಾರು ಅವಳಿಗೆ?"

ಆ ವಾರವೆಲ್ಲ ತೆಲ್ವಿ ಆ ಹಾಳೆಗಳನ್ನು ಫೀನಾಳಿಗೆ ಓದಿ ಹೇಳಿದಳು. ಕಷ್ಟದ ಪದಗಳನ್ನು ಬಿಡಿಸಿ, ಸರಳ ಮಾತಿನಲ್ಲಿ ಬರೆದುಕೊಟ್ಟಳು. ಬಾ ಎಂದು ಕರೆಯಬೇಡ. ಅವಳ ಕಣ್ಣಿನ ಎತ್ತರಕ್ಕೆ ಕೂತುಕೋ. ಕೈಗೆ ಏನಾದರೂ ಕೆಲಸವಿರಲಿ. ಅಜ್ಜಿಯ ಅಂಗಿಯೋ ಶಾಲೋ ಇದ್ದರೆ ಜೊತೆಗೆ ತಾ ಎಂಬಲ್ಲಿ ಫೀನಾ ತಡೆದು, "ಒಗೀಬಾರದಾ ಅದನ್ನ?" ಎಂದು ಕೇಳಿದಳು. ಅದು ತೆಲ್ವಿಗೂ ಹೊಳೆದಿರಲಿಲ್ಲ. ಇಬ್ಬರೂ ಕೂಡಿ, ಒಗೆಯಬಾರದು, ವಾಸನೆ ಹೋದರೆ ಅಜ್ಜಿಯೇ ಹೋದಂತೆ ಎಂದು ತೀರ್ಮಾನಿಸಿದರು.

"ಅಂಗಡಿಗೆ ಹೋಗಿ ಗಂಜಿ ಕಲೀತಿದೀಯೋ ಸ್ಕೂಲು ನಡೆಸ್ತಿದೀಯೋ?" ಎಂದು ಸೆಲ್ಸೊ ಕೆಣಕಿದ. ರಾತ್ರಿಯೂಟಕ್ಕೆ ನಾಲ್ಕು ದಿನ ಸಾಲಾಗಿ ಗಂಜಿಯನ್ನೇ ಉಂಡಿದ್ದ ಅವನು.

ಮೇ ತಿಂಗಳಲ್ಲಿ ಗಂಡಹೆಂಡಿರು ಹೋಗಿ ಮಗುವನ್ನು ಕರೆತಂದರು. ಬರೆದಿದ್ದಂತೆಯೇ ಅವಳು ಯಾರನ್ನೂ ಕೂರಲು ಬಿಡಲಿಲ್ಲ. ಹೋಟೆಲಿನ ಕೋಣೆಯಲ್ಲಿ ಇಬ್ಬರೂ ಪಾಳಿಯ ಮೇಲೆ ನಿಂತರು. ಗಂಜಿಯನ್ನು ಎರಡನೇ ದಿನ ಮುಟ್ಟಿದಳು, ಮೂರನೇ ದಿನ ಇನ್ನಷ್ಟು ಬೇಕೆಂದು ಬಟ್ಟಲು ಬಡಿದಳು.

ಜುಲೈಯಲ್ಲಿ ಅಂಗಡಿಯನ್ನು ಗಂಡನಿಗೆ ಬಿಟ್ಟು ಫೀನಾ ಊರಿಗೆ ಹೋದಳು. ಸೆಪ್ಟೆಂಬರಿನ ಒಂದು ಬೆಳಗ್ಗೆ ತೆಲ್ವಿ ಮಗುವನ್ನು ಸೊಂಟದ ಮೇಲೇರಿಸಿಕೊಂಡು ಹೋಗಿ ನೋಡಿದರೆ, ಫೀನಾ ನೆಲದ ಮೇಲೆ ಕೂತು ತಟ್ಟೆಗಳಿಗೆ ಬೆಲೆಚೀಟಿ ಅಂಟಿಸುತ್ತಿದ್ದಳು. ಸ್ವಲ್ಪ ದೂರದಲ್ಲಿ, ಎರಡು ಜಡೆಯ ಹುಡುಗಿಯೊಂದು ಅವಳಿಗೆ ಬೆನ್ನು ತಿರುಗಿಸಿ ಕೂತು ಚೀಟಿಗಳನ್ನು ತನ್ನ ಮೊಣಕಾಲಿಗೆ ಅಂಟಿಸಿಕೊಳ್ಳುತ್ತಿತ್ತು.

"ಹೇಗಿದಾಳೆ?" ಎಂದಳು ತೆಲ್ವಿ ಮೆಲ್ಲಗೆ.

ಫೀನಾ ತಲೆಯೆತ್ತಲಿಲ್ಲ, ಕೈಯ ಕೆಲಸವನ್ನೂ ಬಿಡಲಿಲ್ಲ. "ನಿನ್ನೆ ಒಂದು ಮಾರು ದೂರ ಕೂತಿದ್ಲು ಅಕ್ಕಾ," ಎಂದಳು. "ಇವತ್ತು ಒಂದು ಮೊಳ."