ಹರಿವಾಣದ ಮಣ್ಣು

"ಬೇವರ್ಸಿ, ಕೆರೆಯುದಾದ್ರೆ ಆಚೆ ಹೋಗಿ ಕೆರ್ಕೊ! ಕಂಪೆನಿಯವರು ನೋಡಿದ್ರೆ ನಾನು ಎಂತ ಹೇಳ್ಲಿ?"

ಕಂತ್ರಾಟುದಾರ ಜಯೇಶ ದಂಡೆಯ ಮೇಲಿಂದ ಬೈಯುವಾಗ ಕೊರಗಪ್ಪ ಮೊಣಕಾಲುದ್ದ ಕಪ್ಪು ಕೆಸರಿನಲ್ಲಿದ್ದ. ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್ ಆಚೆಯ ಆ ಜೌಗನ್ನು ಬ್ರಿಟಿಷರು ಅರ್ಧ ತುಂಬಿ ಬಿಟ್ಟುಹೋಗಿದ್ದರು. ಉಳಿದರ್ಧ ತುಂಬಿ ಫ್ಲ್ಯಾಟು ಎಬ್ಬಿಸುವ ಕೆಲಸ ಈಗಿನದು. ಯಂತ್ರವು ಬಂದರಿನ ತಳದಿಂದ ಹೀರಿ ಉಗುಳುತ್ತಿದ್ದ ಕೆಸರಿನಲ್ಲಿ ಹಳೆಯ ಚರ್ಮದ ಕಾರ್ಖಾನೆಗಳ ಕೊಳೆಯೆಲ್ಲ ಇತ್ತು. ಅದನ್ನು ಹರಡಿ ಹರಡಿ ಕೊರಗಪ್ಪನ ಕಾಲಿಡೀ ಹುಣ್ಣು.

"ಒಮ್ಮೆ ಡಾಕ್ಟ್ರ ಹತ್ರ ಹೋಗಿ ಬರ್ತೇನೆ, ದಣಿ."

"ಡಾಕ್ಟ್ರು ಒಂದು ಚೀಟಿ ಬರೆದು ಕೊಟ್ರೆ ಕೆಲಸ ನಿಲ್ತದೆ. ನಿನ್ನ ವೀಸಾ ಯಾರ ಕೈಯಲ್ಲಿ ಉಂಟು, ನೆನಪುಂಟಾ? ಅಲ್ಲ ಮಾರಾಯ, ನಿಮ್ಮ ಜಾತಿಯವರ ಚರ್ಮ ಯಾವಾಗ ಸರಿ ಇತ್ತು?"

ಕೊರಗಪ್ಪ ಗುದ್ದಲಿ ಎತ್ತಿದ. ಊರಿನಲ್ಲಿ ಜಯೇಶನ ಅಪ್ಪನ ಅಂಗಳಕ್ಕೆ ಅವನು ಕಾಲಿಟ್ಟವನಲ್ಲ. ಇಲ್ಲಿಗೆ ಬಂದಾಗ ಇದೇ ಜಯೇಶ ಹೆಗಲ ಮೇಲೆ ಕೈಹಾಕಿ, "ದಣಿ ಗಿಣಿ ಬೇಡ, ಜಯೇಶಣ್ಣ ಅಂತ ಕರಿ" ಅಂದಿದ್ದ.

ಜೌಗಿಗೆ ಗುಡ್ಡ ಕಡಿದ ಮಣ್ಣು ಸುರಿಯುವುದೋ ಬಂದರಿನ ಕೆಸರೋ ಎಂದು ಎಂಜಿನಿಯರುಗಳು ಆಗ ತೂಗಿ ನೋಡುತ್ತಿದ್ದರು. ಗುಡ್ಡದ ಮಣ್ಣು ಚೊಕ್ಕ, ಆದರೆ ದೂರದಿಂದ ಲಾರಿಯಲ್ಲಿ ಬರಬೇಕು. ಕೆಸರು ಕಾಲಬುಡದಲ್ಲೇ ಇತ್ತು. ಅದನ್ನು ತುಳಿದವರಿಗೆ ಏನಾಗುತ್ತದೆ ಎಂಬುದೊಂದೇ ಅನುಮಾನ. ಜಯೇಶನಿಗೆ ಕೆಸರಿನ ಕಂತ್ರಾಟು ಬೇಕಿತ್ತು. ಗುಡ್ಡದಲ್ಲಿ ಲಾರಿ ತುಂಬುತ್ತಿದ್ದ ಕೊರಗಪ್ಪನನ್ನು ಅವನು ಮೀಟಿಂಗಿಗೆ ಕರೆತಂದು, ಪ್ಯಾಂಟು ಮಡಚಿಸಿ, ಇವನು ಇಷ್ಟು ದಿನ ಕೆಸರಿನಲ್ಲೇ ನಿಂತವನು, ಕಾಲು ನೋಡಿ ಎಂದ. ನೆರೆಗೂದಲಿನ ಎಂಜಿನಿಯರೊಬ್ಬ ಬಗ್ಗಿ ನೋಡಿದ; ಕಾಲಿನಲ್ಲಿ ಒಂದು ಕಲೆಯೂ ಇರಲಿಲ್ಲ. ಕೊರಗಪ್ಪ ಹೌದೆಂದು ತಲೆಯಾಡಿಸಿದ. ಇಲ್ಲೇ ಕಾಯಂ ಉಳಿಯಲು ಪಿಆರ್ ಮಾಡಿಸಿಕೊಡುತ್ತೇನೆ, ನಿನ್ನನ್ನು ಗುಡ್ಡದಲ್ಲೇ ಇಡುತ್ತೇನೆ ಎಂದು ಜಯೇಶಣ್ಣನೇ ಹೇಳಿದ್ದನಲ್ಲ.

ಕೆಸರು ಗೆದ್ದಿತು. ಮರುವಾರವೇ ಕೊರಗಪ್ಪನನ್ನು ಅದಕ್ಕೆ ಇಳಿಸಿದರು. ಬಾಯಿಗೆ ಮತ್ತೆ 'ದಣಿ' ಬಂತು.

ಸಂಜೆ ಅವನ ಬಟ್ಟೆ ಒಗೆಯುತ್ತಿದ್ದ ಹೆಂಡತಿ ರಾಜೀವಿ ಒದ್ದೆ ಕೈಗಳನ್ನು ಅವನ ಮುಖದ ಮುಂದೆ ಹಿಡಿದಳು. ಬೆರಳ ಸಂದುಗಳು ಒಡೆದು ಕೆಂಪಾಗಿದ್ದವು.

"ನೀವು ಅವತ್ತು ಕಾಲು ತೋರ್ಸಿ ಬಂದ್ರಿ. ನಾನು ಈ ಕೈ ಯಾರಿಗೆ ತೋರ್ಸುದು?"

ಕೊರಗಪ್ಪ ಬಕೆಟಿನಿಂದ ತನ್ನ ಪ್ಯಾಂಟು ಎತ್ತಿ ತಾನೇ ಒಗೆಯತೊಡಗಿದ.

ಕಟ್ಟಡದ ಗುದ್ದಲಿಪೂಜೆಗೆ ಸಿಡ್ನಿಯಿಂದ ಭಟ್ಟರು ಬಂದರು. ಕಂಪೆನಿಯವರೂ ಕ್ಯಾಮೆರಾದವರೂ ಸಾಲಾಗಿ ನಿಂತರು. ಪೂಜಿಸಿದ ನೆಲದ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುವುದು ಜಯೇಶನ ಮನೆತನದ ಪದ್ಧತಿ. ಅದಕ್ಕೆಂದೇ ಅವನು ಗುಡ್ಡದಿಂದ ಒಂದು ಡಬ್ಬಿ ಕೆಮ್ಮಣ್ಣು ತರಿಸಿದ್ದ.

"ಕಾರಲ್ಲಿ ಉಂಟು, ಹರಿವಾಣಕ್ಕೆ ಹಾಕಿ ತಾ. ಕೈ ತಾಗಿಸ್ಬೇಡ, ಚಮಚದಲ್ಲಿ ಹಾಕು."

ಕೊರಗಪ್ಪ ಕಾರಿನ ಕಡೆ ಹೋಗಲಿಲ್ಲ. ಬೂಟು ಕಳಚಿದ, ಪ್ಯಾಂಟು ಮೊಣಕಾಲಿನವರೆಗೆ ಮಡಚಿದ, ಕೆಸರಿಗಿಳಿದು ಬರಿಗೈಯಲ್ಲಿ ಬಾಚಿದ. ಕರಿನೀರು ಸುರಿಯುತ್ತಿದ್ದ ಹರಿವಾಣ ಹಿಡಿದು ಬಂದವನನ್ನು ಕಂಡು ಭಟ್ಟರು ಮೂಗು ಮುಚ್ಚಿ ಹಿಂದೆ ಸರಿದರು.

"ಜಯೇಶಣ್ಣ, ಈ ನೆಲದ್ದೇ. ಹಚ್ಕೊ."

ಜಯೇಶ ಕ್ಯಾಮೆರಾದ ಕಡೆ ನಗುತ್ತಲೇ ಹಲ್ಲು ಕಚ್ಚಿದ. "ಬೋಳಿಮಗನೇ, ಆಚೆ ತಕ್ಕೊಂಡು ಹೋಗು."

"ಇದ್ರಿಂದ ಏನೂ ಆಗುದಿಲ್ಲ ಅಂತ ನೀನೇ ಅಲ್ವಾ ಹೇಳಿದ್ದು? ಹಚ್ಕೊ."

ನೆರೆಗೂದಲಿನ ಎಂಜಿನಿಯರು ಹರಿವಾಣ ನೋಡಲಿಲ್ಲ. ಅವನ ಕಣ್ಣು ಕೊರಗಪ್ಪನ ಹುಣ್ಣಾದ ಕಾಲುಗಳ ಮೇಲಿತ್ತು. ಕ್ಯಾಮೆರಾಗಳೂ ಒಂದೊಂದಾಗಿ ಕೆಳಗೆ ಬಾಗಿದವು.

ಹಚ್ಚಿಕೊಳ್ಳಲೆಂದು ಚಾಚಿದ ಜಯೇಶನ ಉಂಗುರದ ಬೆರಳು ಕೆಸರಿಗೆ ತಾಗದೆ ಮೇಲೆಯೇ ನಿಂತಿತ್ತು. ಕೊರಗಪ್ಪ ಹರಿವಾಣವನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಹಿಡಿದ.